ಡಿಸ್ಟ್‌ಫೈಲ್ಸ್: ಒಂದು ಡೈರೆಕ್ಟರಿಯ ಹಳೆಯ ದಿನಗಳು

ಜೆಂಟೂ ಲಿನಕ್ಸ್‌ನಲ್ಲಿ ಅಂತರ್ಜಾಲದಿಂದ ಇಳಿಸಿಕೊಂಡ ಸೋರ್ಸ್ ಫೈಲುಗಳೆಲ್ಲ ಬಂದು ಸೇರುವ ಡೈರೆಕ್ಟರಿಗೆ ಡಿಸ್ಟ್‌ಫೈಲ್ಸ್ ಎಂದು ಹೆಸರು. ಬಹುತೇಕ ಲಿನಕ್ಸ್ ವಿತರಣೆಗಳು ತಂತ್ರಾಂಶವನ್ನು ಮೊದಲೇ ಕಂಪೈಲ್ ಮಾಡಿ, ಬೈನರಿ ಪ್ಯಾಕೇಜುಗಳಾಗಿ ಹಂಚುತ್ತವೆ. ಜೆಂಟೂ ಮೂಲತಃ ಕೊಟ್ಟದ್ದು ಪ್ರತಿ ಪ್ಯಾಕೇಜಿಗೆ ಒಂದು ಇಬಿಲ್ಡ್ ಮಾತ್ರ. ಸೋರ್ಸ್ ಎಲ್ಲಿ ಸಿಗುತ್ತದೆ, ಅದಕ್ಕೆ ಯಾವ ತೇಪೆ ಹಚ್ಚಬೇಕು, ಹೇಗೆ ಕಟ್ಟಬೇಕು ಎಂಬುದನ್ನೆಲ್ಲ ಬರೆದಿಟ್ಟ ಪುಟ್ಟ ಸ್ಕ್ರಿಪ್ಟ್ ಅದು. ಪೋರ್ಟೇಜ್ ಎಂಬ ಪ್ಯಾಕೇಜ್ ಮ್ಯಾನೇಜರ್ ಆ ಸ್ಕ್ರಿಪ್ಟನ್ನು ಓದಿ, ಬೇಕಾದ ಟಾರ್‌ಬಾಲ್‌ಗಳನ್ನು ತಂದು ಡಿಸ್ಟ್‌ಫೈಲ್ಸ್‌ನಲ್ಲಿ ಇಳಿಸಿ, ಅಲ್ಲಿಂದ ಬಿಚ್ಚಿ, ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡಿಸುತ್ತದೆ. 2000ದ ದಶಕದಲ್ಲಿ ಜೆಂಟೂ ಬಳಸಿದವರ ನೆನಪಿನಲ್ಲಿ ಗಂಟೆಗಟ್ಟಲೆ ಓಡಿದ ಕಂಪೈಲ್‌ಗಳು ಎಷ್ಟು ಉಳಿದಿವೆಯೋ, ಈ ಡೈರೆಕ್ಟರಿಯನ್ನು ತುಂಬಿಸಿ, ಕಾಪಾಡಿ, ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು ಪಟ್ಟ ಪಾಡೂ ಅಷ್ಟೇ ಉಳಿದಿದೆ.

ಈ ವ್ಯವಸ್ಥೆಯ ಬೇರು ಫ್ರೀಬಿಎಸ್‌ಡಿಯಲ್ಲಿದೆ. ಜೋರ್ಡನ್ ಹಬರ್ಡ್ 1994ರಲ್ಲಿ ಅಲ್ಲಿ ಆರಂಭಿಸಿದ ಪೋರ್ಟ್ಸ್ ವ್ಯವಸ್ಥೆ ಸೋರ್ಸ್ ಫೈಲುಗಳನ್ನು ತನ್ನದೇ ಮರದೊಳಗಿನ ಡಿಸ್ಟ್‌ಫೈಲ್ಸ್ ಡೈರೆಕ್ಟರಿಯಲ್ಲಿ ಇಡುತ್ತಿತ್ತು. ಡೇನಿಯಲ್ ರಾಬಿನ್ಸ್ ಎನಾಕ್ ಎಂಬ ಹೆಸರಿನಲ್ಲಿ ತನ್ನ ಲಿನಕ್ಸ್ ವಿತರಣೆಯನ್ನು ಕಟ್ಟಲು ಹೊರಟು, ನಡುವೆ ಕೆಲಕಾಲ ಫ್ರೀಬಿಎಸ್‌ಡಿ ಬಳಸಿ, ಪೋರ್ಟ್ಸ್‌ನ ವಿಚಾರಗಳನ್ನು ತಲೆಯಲ್ಲಿಟ್ಟುಕೊಂಡು ಮರಳಿದ. ಅದರ ಫಲವೇ ಪೋರ್ಟೇಜ್. ಜೆಂಟೂ 1.0 ಹೊರಬಂದದ್ದು 2002ರ ಮಾರ್ಚ್ ಕೊನೆಯಲ್ಲಿ. ಡೈರೆಕ್ಟರಿಯ ಹೆಸರು ಹಾಗೇ ಉಳಿಯಿತು. ಜಾಗವೂ ಹೆಚ್ಚುಕಡಿಮೆ ಅದೇ, /ಯುಎಸ್‌ಆರ್/ಪೋರ್ಟೇಜ್/ಡಿಸ್ಟ್‌ಫೈಲ್ಸ್. ಆದರೆ ಫ್ರೀಬಿಎಸ್‌ಡಿಯಲ್ಲಿದ್ದ ಒಂದು ಸೌಕರ್ಯ ಜೆಂಟೂವಿಗೆ ಬರಲಿಲ್ಲ. ಅಲ್ಲಿ ಒಂದು ಪೋರ್ಟ್ ತನ್ನ ಫೈಲುಗಳಿಗೆ ಪ್ರತ್ಯೇಕ ಉಪಡೈರೆಕ್ಟರಿ ಬೇಕೆಂದು ಕೇಳಬಹುದಿತ್ತು. ಜೆಂಟೂವಿನಲ್ಲಿ ಎಲ್ಲವೂ ಒಂದೇ ಅಂಗಳದಲ್ಲಿ: ಕರ್ನಲ್‌ನ ಟಾರ್‌ಬಾಲ್ ಪಕ್ಕದಲ್ಲೇ ಯಾವುದೋ ಅಕ್ಷರ ವಿನ್ಯಾಸದ ಜಿಪ್, ಅದರ ಪಕ್ಕದಲ್ಲಿ ಎರಡು ಕೆಬಿಯ ಪ್ಯಾಚ್. ಮುಂದಿನ ಹದಿನೈದು ವರ್ಷಗಳ ಅನೇಕ ತೊಡಕುಗಳು ಹುಟ್ಟಿದ್ದು ಈ ಒಂದು ತೀರ್ಮಾನದಿಂದ. ಆರಂಭದಲ್ಲಿ ಅದು ಸರಳವಾಗಿತ್ತು, ಸರಳವಾದದ್ದು ಚೆನ್ನಾಗಿಯೇ ನಡೆಯಿತು ಎನ್ನುವುದೂ ಅಷ್ಟೇ ನಿಜ.

ಭಾರತದಲ್ಲಿ ಆಗ ಈ ಡೈರೆಕ್ಟರಿಯನ್ನು ತುಂಬಿಸುವುದೇ ದೊಡ್ಡ ಕೆಲಸ. ಡಯಲ್‌ಅಪ್ ಮೋಡೆಮ್ ಸೆಕೆಂಡಿಗೆ ನಾಲ್ಕೈದು ಕೆಬಿ ತಂದರೆ ಅದೃಷ್ಟ. ಸುಮಾರು 40 ಎಂಬಿಯ 2.6 ಸರಣಿಯ ಕರ್ನಲ್ ಸೋರ್ಸ್ ಇಳಿಯಲು ಎರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು, ಅದೂ ಸಂಪರ್ಕ ನಡುವೆ ಕಡಿಯದಿದ್ದರೆ. ಹೀಗಾಗಿ ಬೆಂಗಳೂರಿನ ಕಾಲೇಜು ಹುಡುಗರಿಗೂ, ಊರಿನಲ್ಲಿ ಒಬ್ಬರೇ ಲಿನಕ್ಸ್ ಕಲಿಯುತ್ತಿದ್ದವರಿಗೂ ದಾರಿ ಒಂದೇ. ಮನೆಯ ಯಂತ್ರದಲ್ಲಿ ಎಮರ್ಜ್ ಆಜ್ಞೆಗೆ ‘ನಟಿಸು’ ಮತ್ತು ‘ತರುವುದಷ್ಟೇ’ ಎಂಬ ಎರಡು ಆಯ್ಕೆಗಳನ್ನು ಕೂಡಿಸಿ ಕೊಟ್ಟರೆ, ಪೋರ್ಟೇಜ್ ಏನನ್ನೂ ಇಳಿಸದೆ, ಬೇಕಾದ ಫೈಲುಗಳ ವಿಳಾಸಗಳನ್ನು ಮಾತ್ರ ಪರದೆಯ ಮೇಲೆ ಮುದ್ರಿಸುತ್ತಿತ್ತು. ಒಂದು ಫೈಲಿಗೆ ಒಂದು ಸಾಲು, ಆ ಸಾಲಿನಲ್ಲಿ ಅದು ಸಿಗುವ ಎಲ್ಲ ಮಿರರ್‌ಗಳ ವಿಳಾಸ. ಆ ಪಟ್ಟಿಯನ್ನು ಫ್ಲಾಪಿಗೋ ಪೆನ್‌ಡ್ರೈವಿಗೋ ಹಾಕಿಕೊಂಡು ಕಾಲೇಜಿನ ಲ್ಯಾಬಿಗೆ, ಇಲ್ಲವೇ ಗೆಳೆಯರ ಆಫೀಸಿಗೆ ಹೋಗಿ, ಅಲ್ಲಿ ಡಬ್ಲ್ಯುಗೆಟ್‌ಗೆ ಪಟ್ಟಿ ಕೊಟ್ಟು, ಬಂದದ್ದನ್ನು 700 ಎಂಬಿಯ ಸಿಡಿಗೆ ಬರೆದು ತರಬೇಕು. ಮನೆಗೆ ಬಂದು ಸಿಡಿಯಲ್ಲಿದ್ದುದನ್ನು ಡಿಸ್ಟ್‌ಫೈಲ್ಸ್‌ಗೆ ನಕಲಿಸಿದರೆ ಸಾಕು. ಫೈಲು ಯಾವ ದಾರಿಯಿಂದ ಬಂತು ಎಂದು ಪೋರ್ಟೇಜ್ ಕೇಳುತ್ತಿರಲಿಲ್ಲ. ಹೆಸರು ಸರಿಯಿದೆಯೇ, ಗಾತ್ರ ಸರಿಯಿದೆಯೇ, ಚೆಕ್‌ಸಮ್ ಕೂಡುತ್ತದೆಯೇ, ಇಷ್ಟೇ ಅದರ ಪರೀಕ್ಷೆ. ಸಂಪರ್ಕ ಸರಿಯಿಲ್ಲದ ಊರಿನಲ್ಲೂ ಜೆಂಟೂ ಬದುಕಲು ಸಾಧ್ಯವಾದದ್ದು ಈ ಉದಾರತೆಯಿಂದ.

ನಿಧಾನದ ಸಂಪರ್ಕಕ್ಕೆ ಇನ್ನೊಂದು ಉಪಾಯವೂ ಆ ಕಾಲದಲ್ಲಿ ಹುಟ್ಟಿತು. ಒಂದು ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅದರ ಬಹುಪಾಲು ಹಳೆಯದೇ ಆಗಿರುತ್ತದೆ. ಹಳೆಯ ಟಾರ್‌ಬಾಲ್ ಡಿಸ್ಟ್‌ಫೈಲ್ಸ್‌ನಲ್ಲಿ ಇದ್ದರೆ, ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ತಂದರೆ ಸಾಲದೇ? ಡೆಲ್ಟಪ್ ಎಂಬ ಉಪಕರಣ ಇದನ್ನೇ ಮಾಡುತ್ತಿತ್ತು. ಪೋರ್ಟೇಜ್‌ನ ಸಂರಚನೆಯಲ್ಲಿ ಫೈಲು ತರುವ ಆಜ್ಞೆಯ ಜಾಗಕ್ಕೆ ಒಂದು ಬೇರೆ ಸ್ಕ್ರಿಪ್ಟನ್ನು ಕೂರಿಸಿದರೆ, ಅದು ಸರ್ವರನ್ನು ಕೇಳಿ ವ್ಯತ್ಯಾಸದ ಫೈಲನ್ನು ತಂದು, ಹಳೆಯದರ ಮೇಲೆ ಹಚ್ಚಿ, ಹೊಸ ಟಾರ್‌ಬಾಲನ್ನು ಒಂದು ಬಿಟ್ಟೂ ಬದಲಾಗದಂತೆ ಮರಳಿ ಕಟ್ಟುತ್ತಿತ್ತು. ಚೆಕ್‌ಸಮ್ ಕೂಡಬೇಕಾದರೆ ಸಂಪೀಡನೆಯೂ ಹೂಬೇಹೂಬು ಅದೇ ಬರಬೇಕು. ಅದನ್ನು ಸಾಧಿಸಿದ್ದು ಸಣ್ಣ ವಿಷಯವಲ್ಲ. ಹಳೆಯ ಸೋರ್ಸ್ ಫೈಲನ್ನು ಅಳಿಸದೆ ಇಟ್ಟುಕೊಳ್ಳಲು ಬಳಕೆದಾರರಿಗೆ ಸಿಕ್ಕ ಮೊದಲ ಗಟ್ಟಿ ಕಾರಣವೂ ಇದೇ.

2005ರ ಆರಂಭದಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ 256 ಕೆಬಿಪಿಎಸ್‌ನಿಂದ ಶುರುವಾದಾಗ ಲೆಕ್ಕಾಚಾರ ಬದಲಾಯಿತು. ಹಗಲಿನ ಬಳಕೆಗೆ ತಿಂಗಳ ಮಿತಿಯಿತ್ತು. ಜನಪ್ರಿಯವಾದ ಒಂದು ಯೋಜನೆಯಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಿತಿ ಇರಲಿಲ್ಲ. ಇಳಿಸುವುದು ಮತ್ತು ಕಟ್ಟುವುದು ಎರಡು ಬೇರೆ ಕೆಲಸ ಎಂಬ ಪೋರ್ಟೇಜ್‌ನ ವಿನ್ಯಾಸ ಇಲ್ಲಿ ನಿಜಕ್ಕೂ ಉಪಕಾರಕ್ಕೆ ಬಂತು. ಕ್ರಾನ್‌ನಲ್ಲಿ ಎರಡು ಗಂಟೆಗೆ ‘ತರುವುದಷ್ಟೇ’ ಆಜ್ಞೆಯನ್ನು ಕಟ್ಟಿಟ್ಟು, ಎಂಟಕ್ಕೆ ಮೊದಲು ಅದನ್ನು ನಿಲ್ಲಿಸುವ ಇನ್ನೊಂದು ಸಾಲನ್ನು ಸೇರಿಸಿ ಮಲಗಿದರಾಯಿತು. 256 ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಗರಿಷ್ಠ 32 ಕೆಬಿ. ಆರು ಗಂಟೆಗೆ 700 ಎಂಬಿಗೆ ಸ್ವಲ್ಪ ಕಡಿಮೆ, ಅಂದರೆ ಒಂದು ರಾತ್ರಿಗೆ ಹೆಚ್ಚೆಂದರೆ ಒಂದು ಸಿಡಿಯಷ್ಟು ಸೋರ್ಸ್. ಅರ್ಧಕ್ಕೆ ನಿಂತ ಫೈಲನ್ನು ಮರುರಾತ್ರಿ ಅಲ್ಲಿಂದಲೇ ಮುಂದುವರಿಸಲು ಪೋರ್ಟೇಜ್‌ನಲ್ಲಿ ಬೇರೆಯೇ ಆಜ್ಞೆಯಿತ್ತು. ಡಿಸ್ಕಿನ ಮೇಲಿರುವ ಫೈಲು ಹೇಳಿದ ಗಾತ್ರಕ್ಕಿಂತ ಚಿಕ್ಕದಾಗಿದ್ದರೆ ಅದು ಹಾಳಾದದ್ದಲ್ಲ, ಇನ್ನೂ ಮುಗಿಯದ್ದು ಎಂದು ಅದು ಎಣಿಸುತ್ತಿತ್ತು. ಬೆಳಿಗ್ಗೆ ಎದ್ದು ಡಿಸ್ಟ್‌ಫೈಲ್ಸ್‌ನ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡುವುದು ಆಗಿನ ಜೆಂಟೂ ಬಳಕೆದಾರರ ನಿತ್ಯದ ರೂಢಿ.

ಹೀಗೆ ಕಷ್ಟಪಟ್ಟು ಕೂಡಿಸಿದ ಫೈಲುಗಳು ಇದ್ದ ಜಾಗ ಮಾತ್ರ ಅಷ್ಟು ಭದ್ರವಾಗಿರಲಿಲ್ಲ. /ಯುಎಸ್‌ಆರ್/ಪೋರ್ಟೇಜ್ ಎನ್ನುವುದು ಇಬಿಲ್ಡ್‌ಗಳ ಮರ. ಅದನ್ನು ಆರ್‌ಸಿಂಕ್ ಮೂಲಕ ಮಿರರ್‌ನೊಂದಿಗೆ ಆಗಾಗ ಸಮ ಮಾಡಬೇಕು, ಸಮ ಮಾಡುವಾಗ ಮಿರರ್‌ನಲ್ಲಿ ಇಲ್ಲದ್ದನ್ನೆಲ್ಲ ಅಳಿಸಬೇಕು. ಅದೇ ಮರದ ಒಳಗೆ ಬಳಕೆದಾರರ ಸ್ವಂತ ಸಂಗ್ರಹವೂ ಇತ್ತು. ಡಿಸ್ಟ್‌ಫೈಲ್ಸನ್ನು ಮುಟ್ಟಬೇಡ, ಬೈನರಿ ಪ್ಯಾಕೇಜುಗಳನ್ನು ಮುಟ್ಟಬೇಡ ಎಂಬ ವಿನಾಯಿತಿಯ ಸಾಲುಗಳನ್ನು ಆರ್‌ಸಿಂಕ್‌ನ ಆಯ್ಕೆಗಳಲ್ಲಿ ಸೇರಿಸಿ ಪೋರ್ಟೇಜ್ ಅವನ್ನು ಉಳಿಸುತ್ತಿತ್ತು. ಯಾರಾದರೂ ತಮ್ಮದೇ ಆರ್‌ಸಿಂಕ್ ಆಜ್ಞೆ ಬರೆದು ಆ ಸಾಲುಗಳನ್ನು ಮರೆತರೆ ತಿಂಗಳುಗಳ ಸಂಗ್ರಹ ಒಂದೇ ಏಟಿಗೆ ಹೋಗುತ್ತಿತ್ತು. ಇನ್ನೂ ಒಂದು ಅಸಂಗತಿ ಇತ್ತು. ಯುನಿಕ್ಸ್ ಸಂಪ್ರದಾಯದಲ್ಲಿ /ಯುಎಸ್‌ಆರ್ ಎಂದರೆ ಓದಲು ಮಾತ್ರ ತೆರೆದಿಡಬಹುದಾದ ಭಾಗ. ದಿನವೂ ಬದಲಾಗುವ ಸರಕು ಇರಬೇಕಾದದ್ದು /ವಿಎಆರ್‌ನಲ್ಲಿ. ಮರದಲ್ಲಿದ್ದದ್ದು ಅಸಂಖ್ಯ ಪುಟ್ಟ ಫೈಲುಗಳು, ಡಿಸ್ಟ್‌ಫೈಲ್ಸ್‌ನಲ್ಲಿದ್ದದ್ದು ದೊಡ್ಡವು. ಎರಡಕ್ಕೂ ಒಪ್ಪುವ ಫೈಲ್‌ಸಿಸ್ಟಮ್ ಒಂದೇ ಅಲ್ಲ. ತಿಳಿದವರು ಬೇಗನೇ ಮೇಕ್.ಕಾನ್ಫ್‌ನಲ್ಲಿ ಡಿಸ್ಟ್‌ಡಿರ್ ಎಂಬ ಚರವನ್ನು ಬದಲಿಸಿ, ಸಂಗ್ರಹವನ್ನು ಬೇರೆ ವಿಭಾಗಕ್ಕೆ ಸಾಗಿಸಿಕೊಂಡರು. ವಿತರಣೆಯ ಡೀಫಾಲ್ಟ್ ಜಾಗವೇ /ವಿಎಆರ್/ಕ್ಯಾಷ್/ಡಿಸ್ಟ್‌ಫೈಲ್ಸ್ ಆಗಲು 2010ರ ದಶಕ ಮುಗಿಯುತ್ತ ಬರಬೇಕಾಯಿತು. ಅಷ್ಟು ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ. ಹಳೆಯ ದಾರಿಯನ್ನು ನಂಬಿ ಸಾವಿರಾರು ಯಂತ್ರಗಳು, ದಸ್ತಾವೇಜುಗಳು, ಸ್ಕ್ರಿಪ್ಟುಗಳು ನಡೆಯುತ್ತಿದ್ದವು. ಅವನ್ನು ಮುರಿಯದೆ ಹೊಸ ಯಂತ್ರಗಳಿಗೆ ಮಾತ್ರ ಹೊಸ ಜಾಗ ಕೊಡುವುದು ನಿಧಾನದ ಕೆಲಸ.

ಮನೆಯಲ್ಲೋ ಲ್ಯಾಬಿನಲ್ಲೋ ಎರಡು ಮೂರು ಜೆಂಟೂ ಯಂತ್ರಗಳಿದ್ದರೆ ಒಂದೇ ಫೈಲನ್ನು ಮೂರು ಬಾರಿ ಇಳಿಸುವುದು ಯಾರೂ ಸಹಿಸದ ಮಾತು. ಒಂದು ಯಂತ್ರದ ಡಿಸ್ಟ್‌ಫೈಲ್ಸನ್ನು ಎನ್‌ಎಫ್‌ಎಸ್‌ನಲ್ಲಿ ಹಂಚಿಕೊಳ್ಳುವುದು ಎಲ್ಲರೂ ಮೊದಲು ಮಾಡುತ್ತಿದ್ದ ಏರ್ಪಾಡು. ಇಬ್ಬರು ಒಮ್ಮೆಲೇ ಒಂದೇ ಫೈಲಿಗೆ ಬರೆಯದಂತೆ ಪೋರ್ಟೇಜ್ ಬೀಗದ ಫೈಲುಗಳನ್ನು ಬಳಸುತ್ತಿತ್ತು. ಸಂಗ್ರಹವನ್ನು ಓದಲು ಮಾತ್ರ ಬಿಡಬೇಕೆನಿಸಿದರೆ ಅದಕ್ಕೂ ಪ್ರತ್ಯೇಕ ಚರವಿತ್ತು. ಪಟ್ಟಿ ಮಾಡಿದ ಬೇರೆ ಡೈರೆಕ್ಟರಿಗಳಲ್ಲಿ ಫೈಲು ಸಿಕ್ಕರೆ ಪೋರ್ಟೇಜ್ ಅದನ್ನು ನಕಲಿಸದೆ, ಡಿಸ್ಟ್‌ಡಿರ್‌ನಲ್ಲಿ ಸಿಮ್‌ಲಿಂಕ್ ಮಾತ್ರ ಹಾಕುತ್ತಿತ್ತು. ಸಿಡಿಗಳಿಗೆ ಬರೆದಿಟ್ಟ ಹಳೆಯ ಸಂಗ್ರಹವನ್ನು ಡಿಸ್ಕಿಗೆ ಇಳಿಸದೆಯೇ ಬಳಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಎಚ್‌ಟಿಟಿಪಿ ರೆಪ್ಲಿಕೇಟರ್ ಎಂಬ ಪುಟ್ಟ ಪ್ರಾಕ್ಸಿಯನ್ನು ನಡುವೆ ಇಟ್ಟುಕೊಂಡವರೂ ಇದ್ದರು.

ಪೋರ್ಟೇಜ್ ಒಳಗಿನಿಂದಲೂ ಒಂದು ಶಿಸ್ತನ್ನು ತಂದುಕೊಂಡಿತು, ಮತ್ತು ಅದು ಮೆಚ್ಚಬೇಕಾದದ್ದು. ಒಂದು ಪ್ಯಾಕೇಜನ್ನು ಕಟ್ಟುವಾಗ ಇಬಿಲ್ಡ್‌ನ ಕಣ್ಣಿಗೆ ಇಡೀ ಡಿಸ್ಟ್‌ಫೈಲ್ಸ್ ಬೀಳುವುದಿಲ್ಲ. ಆ ಪ್ಯಾಕೇಜು ತನಗೆ ಬೇಕೆಂದು ಘೋಷಿಸಿದ ಫೈಲುಗಳಿಗೆ ಮಾತ್ರ ಸಿಮ್‌ಲಿಂಕ್‌ಗಳಿರುವ ಒಂದು ತಾತ್ಕಾಲಿಕ ಡೈರೆಕ್ಟರಿಯನ್ನು ಕಟ್ಟಿ, ಅದನ್ನೇ ಡಿಸ್ಟ್‌ಡಿರ್ ಎಂದು ತೋರಿಸಲಾಗುತ್ತದೆ. ಬೇರೊಂದು ಪ್ಯಾಕೇಜಿಗಾಗಿ ಬಂದ ಫೈಲನ್ನು ಹೇಳದೆ ಕೇಳದೆ ಬಳಸಿಕೊಂಡು, ಬರೆದವರ ಯಂತ್ರದಲ್ಲಿ ಮಾತ್ರ ನಡೆದು ಬೇರೆಲ್ಲೂ ನಡೆಯದ ಇಬಿಲ್ಡ್‌ಗಳು ಇದರಿಂದ ಬರೆಯುವಾಗಲೇ ಸಿಕ್ಕಿಬೀಳುತ್ತವೆ.

ಫೈಲಿನ ಗುರುತು ಅದರ ಹೆಸರು ಮಾತ್ರ ಎಂಬುದು ಒಂದೇ ಅಂಗಳದ ವ್ಯವಸ್ಥೆಯ ಅಡಿಗಲ್ಲು. ಹಳೆಯ ಲೇಖಕರು ಪ್ಯಾಕೇಜಿನ ಹೆಸರು, ಗೆರೆ, ಆವೃತ್ತಿಯ ಸಂಖ್ಯೆ ಎಂಬ ಕ್ರಮದಲ್ಲಿ ಟಾರ್‌ಬಾಲ್‌ಗೆ ಹೆಸರಿಡುತ್ತಿದ್ದ ಕಾಲದಲ್ಲಿ ಇದು ತೊಂದರೆ ಕೊಡಲಿಲ್ಲ. ಸೋರ್ಸ್ ಹೋಸ್ಟಿಂಗ್ ತಾಣಗಳು ಟ್ಯಾಗ್‌ನಿಂದ ತಾವಾಗಿ ಟಾರ್‌ಬಾಲ್ ಮಾಡಿಕೊಡಲು ಶುರುಮಾಡಿದಾಗ ಸಂಕಟ ಬಂತು. ಸಾವಿರ ಯೋಜನೆಗಳ ಟಾರ್‌ಬಾಲ್‌ಗೆ ‘ವಿ1.0.ಟಾರ್.ಜಿಝಡ್’ ಎಂಬ ಒಂದೇ ಹೆಸರು! ಮೊದಲು ಬಂದ ಫೈಲಿನ ಜಾಗದಲ್ಲಿ ಎರಡನೆಯದು ಕೂರಲು ಹೋಗಿ, ಚೆಕ್‌ಸಮ್ ಕೂಡದೆ, ಪೋರ್ಟೇಜ್ ಅದನ್ನು ‘ಚೆಕ್‌ಸಮ್ ವಿಫಲ’ ಎಂಬ ಅಡ್ಡಹೆಸರು ಹಚ್ಚಿ ಪಕ್ಕಕ್ಕೆ ಸರಿಸುತ್ತಿತ್ತು. 2008ರಲ್ಲಿ ಒಪ್ಪಿಗೆ ಪಡೆದ ಇಬಿಲ್ಡ್ ಬರೆಯುವ ನಿಯಮಗಳ ಆವೃತ್ತಿಯಾದ ಇಎಪಿಐ 2ರಲ್ಲಿ ಒಂದು ಬಾಣದ ಗುರುತು ಸೇರಿತು: ವಿಳಾಸದ ಮುಂದೆ ಬಾಣ ಹಾಕಿ, ಡಿಸ್ಕಿನಲ್ಲಿ ಇರಬೇಕಾದ ಹೆಸರನ್ನು ಬರೆಯಬಹುದು. ನೋಡಲು ಎರಡೇ ಅಕ್ಷರ. ಆದರೆ ಹೊರಗಿನವರು ಕೊಟ್ಟ ಹೆಸರಿನಿಂದ ಸಂಗ್ರಹವನ್ನು ಬಿಡಿಸಿದ್ದು ಅದೇ. ಮುಂದೆ ರಸ್ಟ್ ಭಾಷೆಯ ಕ್ರೇಟ್‌ಗಳು ಬಂದಾಗ ಅವುಗಳ ವಿಳಾಸವೆಲ್ಲ ‘ಡೌನ್‌ಲೋಡ್’ ಎಂಬ ಒಂದೇ ಪದದಲ್ಲಿ ಕೊನೆಗೊಳ್ಳುತ್ತಿತ್ತು. ಬಾಣದ ಗುರುತು ಇಲ್ಲದಿದ್ದರೆ ಅವನ್ನು ಈ ವ್ಯವಸ್ಥೆಗೆ ತರುವುದೇ ಆಗುತ್ತಿರಲಿಲ್ಲ.

ಹೆಸರು ಗುರುತಾದರೆ, ಚೆಕ್‌ಸಮ್ ಸಾಕ್ಷಿ. ಆರಂಭದಲ್ಲಿ ಪ್ರತಿ ಪ್ಯಾಕೇಜಿನ ಪ್ರತಿ ಆವೃತ್ತಿಗೂ ‘ಡೈಜೆಸ್ಟ್’ ಎಂಬ ಪುಟ್ಟ ಫೈಲು ಬೇರೆಯೇ ಇರುತ್ತಿತ್ತು. ಕೆಲವೇ ಸಾಲುಗಳ ಆ ಫೈಲು ಡಿಸ್ಕಿನಲ್ಲಿ ಪೂರ್ತಿ ಒಂದು ಬ್ಲಾಕನ್ನು ತಿನ್ನುತ್ತಿತ್ತು. 2005ರ ಕೊನೆಯಲ್ಲಿ ಬಂದ ಗ್ಲೆಪ್ 44 ಎಂಬ ಜೆಂಟೂ ಸುಧಾರಣಾ ಪ್ರಸ್ತಾವದಂತೆ ಅವೆಲ್ಲವೂ ಪ್ಯಾಕೇಜಿಗೊಂದೇ ಮ್ಯಾನಿಫೆಸ್ಟ್‌ನಲ್ಲಿ ಸೇರಿದವು: ಒಂದು ಸಾಲಿನಲ್ಲಿ ಫೈಲಿನ ಹೆಸರು, ಗಾತ್ರ, ಒಂದಕ್ಕಿಂತ ಹೆಚ್ಚು ಹ್ಯಾಶ್‌ಗಳು. ಎಂಡಿ5 ಸಾಲದೆಂದು ತಿಳಿದಾಗ ಅದು ಹೋಯಿತು, ಶಾ1 ಹೋಯಿತು. 2017ರ ನಂತರ ಬ್ಲೇಕ್2ಬಿ ಮತ್ತು ಶಾ512 ನಿಂತವು. ಎರಡು ಹ್ಯಾಶ್ ಏಕೆ ಎಂದರೆ, ಒಂದರಲ್ಲಿ ನಾಳೆ ಬಿರುಕು ಕಂಡರೂ ಇನ್ನೊಂದರ ಆಸರೆಯಲ್ಲಿ ಸಂಗ್ರಹವನ್ನು ನಂಬಬಹುದು.

ಈ ಸಾಕ್ಷಿಯ ಬೆಲೆ ಎದ್ದು ಕಂಡದ್ದು 2023ರ ಜನವರಿ 30ರಂದು. ಗಿಟ್ 2.38ರಲ್ಲಿ ಟಾರ್‌ಬಾಲ್ ಸಂಪೀಡಿಸಲು ಹೊರಗಿನ ಜಿಝಿಪ್ ಬದಲು ಒಳಗಿನ ಕೋಡ್ ಬಳಸುವ ಬದಲಾವಣೆ ಆಗಿತ್ತು. ಅದು ಗಿಟ್‌ಹಬ್‌ಗೆ ಬಂದ ದಿನ, ಅಲ್ಲಿ ತಾನಾಗಿ ತಯಾರಾಗುವ ಟಾರ್‌ಬಾಲ್‌ಗಳ ಬೈಟುಗಳು ಬದಲಾದವು. ಒಳಗಿನ ಸೋರ್ಸ್ ಅದೇ, ಹೊದಿಕೆ ಮಾತ್ರ ಬೇರೆ. ಆದರೆ ಚೆಕ್‌ಸಮ್ ನೋಡುವವರಿಗೆ ಅದು ಬೇರೆಯೇ ಫೈಲು. ಜಗತ್ತಿನಾದ್ಯಂತ ಬಿಲ್ಡ್‌ಗಳು ಮುರಿದುಬಿದ್ದವು; ಗಿಟ್‌ಹಬ್ ಬೇಗನೇ ಬದಲಾವಣೆಯನ್ನು ಹಿಂದಕ್ಕೆ ಪಡೆಯಿತು. ಫೈಲು ಮೊದಲೇ ತಮ್ಮ ಡಿಸ್ಟ್‌ಫೈಲ್ಸ್‌ನಲ್ಲೋ ವಿತರಣೆಯ ಮಿರರ್‌ನಲ್ಲೋ ಇದ್ದವರಿಗೆ ಆ ದಿನ ಬೇರೆ ದಿನಗಳಂತೆಯೇ ಕಳೆಯಿತು. ಚೆಕ್‌ಸಮ್ ಏನನ್ನು ಹೇಳುವುದಿಲ್ಲ ಎಂಬುದನ್ನು ಮರುವರ್ಷ ಎಕ್ಸ್‌ಝಡ್ ಎಂಬ ಸಂಪೀಡನ ತಂತ್ರಾಂಶ ತೋರಿಸಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ ಹಿಂಬಾಗಿಲನ್ನು ಬಯಲು ಮಾಡಿದ. ಅದನ್ನು ಚಾಲೂ ಮಾಡುವ ಸ್ಕ್ರಿಪ್ಟು ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಲೇಖಕರು ಕೊಟ್ಟ ಫೈಲೇ ಇದು ಎಂದು ಮ್ಯಾನಿಫೆಸ್ಟ್ ಖಚಿತಪಡಿಸುತ್ತದೆ. ಲೇಖಕರು ಕೊಟ್ಟದ್ದು ಒಳ್ಳೆಯದೇ ಎಂದು ಅದು ಎಂದೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಹಳೆಯ ಆವೃತ್ತಿಯ ಟಾರ್‌ಬಾಲ್ ಕೈಯಲ್ಲಿದ್ದವರು ತಕ್ಷಣ ಹಿಂದಕ್ಕೆ ಹೋಗಬಹುದಿತ್ತು.

ಪೋರ್ಟೇಜ್ ತಾನೇ ತರಲಾಗದ ಫೈಲುಗಳದ್ದು ಇನ್ನೊಂದು ಕಥೆ. ಸನ್ ಕಂಪನಿಯ ಜಾವಾ ಕಿಟ್‌ನಂಥವಕ್ಕೆ ಪರವಾನಗಿಯ ಷರತ್ತನ್ನು ಬಳಕೆದಾರರೇ ಒಪ್ಪಬೇಕಿತ್ತು. ಅಂಥ ಇಬಿಲ್ಡ್‌ಗಳಲ್ಲಿ ತರುವುದಕ್ಕೆ ನಿರ್ಬಂಧವಿರುತ್ತಿತ್ತು. ಎಮರ್ಜ್ ಓಡಿಸಿದರೆ ಪೋರ್ಟೇಜ್ ನಿಂತು, ಇಂಥ ತಾಣಕ್ಕೆ ಹೋಗಿ ಇಂಥ ಫೈಲನ್ನು ಇಳಿಸಿ ಡಿಸ್ಟ್‌ಫೈಲ್ಸ್‌ನಲ್ಲಿ ಇಡಿ ಎಂದು ಹೇಳುತ್ತಿತ್ತು. ಸೂಚನೆ ಬರೆದ ಮೇಲೆ ತಾಣದ ಪುಟವೇ ಬದಲಾಗಿರುವುದು, ಇಬಿಲ್ಡ್ ಕೇಳುವ ಉಪಆವೃತ್ತಿಯನ್ನು ಕಂಪನಿ ತೆಗೆದುಹಾಕಿರುವುದು ಮಾಮೂಲು. ಇಂಥ ಫೈಲುಗಳನ್ನು ಮಿರರ್‌ಗಳು ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಕಳೆದುಕೊಂಡರೆ ಮತ್ತೆ ಸಿಗುವ ಭರವಸೆ ಇಲ್ಲ. ಹಾಗಾಗಿ ಸಂಗ್ರಹವನ್ನು ಶುಚಿ ಮಾಡುವಾಗ ಮೊದಲು ಪಕ್ಕಕ್ಕೆ ಎತ್ತಿಡುತ್ತಿದ್ದುದು ಇವನ್ನೇ.

ಶುಚಿ ಮಾಡುವುದು ಅನಿವಾರ್ಯವಾಗಿತ್ತು. 40 ಜಿಬಿಯ ಡಿಸ್ಕಿನಲ್ಲಿ ಹತ್ತು ಜಿಬಿ ಡಿಸ್ಟ್‌ಫೈಲ್ಸ್ ಆಗಿಬಿಡುವುದು ಅಪರೂಪವಲ್ಲ. ಇಡೀ ಡೈರೆಕ್ಟರಿಯನ್ನು ಕಣ್ಣುಮುಚ್ಚಿ ಅಳಿಸಿದರೂ ಇನ್‌ಸ್ಟಾಲ್ ಆದ ತಂತ್ರಾಂಶಕ್ಕೆ ಏನೂ ಆಗುವುದಿಲ್ಲ. ಮತ್ತೆ ಕಟ್ಟುವಾಗ ಮತ್ತೆ ಇಳಿಸಬೇಕು, ಅಷ್ಟೇ. ಆ ‘ಅಷ್ಟೇ’ ಆಗಿನ ಸಂಪರ್ಕದಲ್ಲಿ ದೊಡ್ಡ ಮಾತು. ಯಾವ ಫೈಲು ಬೇಕು, ಯಾವುದು ಬೇಡ ಎಂದು ಕಂಡುಹಿಡಿಯಲು ಬಳಕೆದಾರರು ತಾವೇ ಪೈಥಾನ್, ಶೆಲ್ ಸ್ಕ್ರಿಪ್ಟುಗಳನ್ನು ಬರೆದುಕೊಂಡು ಹಂಚಿಕೊಳ್ಳುತ್ತಿದ್ದರು. ಕೊನೆಗೆ ಜೆಂಟೂಲ್‌ಕಿಟ್‌ನಲ್ಲಿ ಇಕ್ಲೀನ್ ಸೇರಿ ಈ ಗೊಂದಲ ನಿಂತಿತು. ಮರದಲ್ಲಿರುವ ಯಾವುದಾದರೂ ಇಬಿಲ್ಡ್ ಕೇಳಬಹುದಾದ ಫೈಲನ್ನು ಅದು ಸುಮ್ಮನೆ ಬಿಡುತ್ತದೆ, ಯಾರಿಗೂ ಬೇಡವಾದದ್ದನ್ನು ಅಳಿಸುತ್ತದೆ. ‘ಆಳ’ದ ಆಯ್ಕೆ ಕೊಟ್ಟರೆ ಈ ಯಂತ್ರದಲ್ಲಿ ಇನ್‌ಸ್ಟಾಲ್ ಆಗಿರುವ ಆವೃತ್ತಿಗಳ ಫೈಲುಗಳಷ್ಟೇ ಉಳಿಯುತ್ತವೆ. ನಿರ್ಬಂಧಿತ ಫೈಲುಗಳನ್ನು ಕಾಪಾಡು, ಇಷ್ಟು ದಿನಕ್ಕಿಂತ ಹೊಸದನ್ನು ಮುಟ್ಟಬೇಡ, ಇಷ್ಟು ಗಾತ್ರಕ್ಕಿಂತ ದೊಡ್ಡದನ್ನು ಬಿಡು ಎಂದೆಲ್ಲ ಹೇಳಬಹುದು. ಅಳಿಸಲೇಬಾರದ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡಬಹುದು. ಹಲವು ಯಂತ್ರಗಳು ಹಂಚಿಕೊಂಡ ಸಂಗ್ರಹದ ಮೇಲೆ ‘ಆಳ’ದ ಆಯ್ಕೆ ಅಪಾಯಕರ. ಪಕ್ಕದ ಯಂತ್ರಕ್ಕೆ ಏನು ಬೇಕು ಎಂಬುದು ಈ ಯಂತ್ರಕ್ಕೆ ಗೊತ್ತಿರುವುದಿಲ್ಲ.

ಬಳಕೆದಾರರ ಡಿಸ್ಕಿನಲ್ಲಿ ಇಕ್ಲೀನ್ ಸಾಕಾಯಿತು. ಮಿರರ್‌ಗಳ ಸಮಸ್ಯೆ ಬೇರೆಯದೇ ಪ್ರಮಾಣದ್ದು. ಜೆಂಟೂವಿನ ಮುಖ್ಯ ಮಿರರ್‌ನಲ್ಲಿ ಮರದ ಎಲ್ಲ ಇಬಿಲ್ಡ್‌ಗಳ ಎಲ್ಲ ಸೋರ್ಸ್‌ಗಳೂ ಇರಬೇಕು. ಹತ್ತಾರು ಸಾವಿರ ಫೈಲುಗಳು, ಒಂದೇ ಡೈರೆಕ್ಟರಿಯಲ್ಲಿ. ಹೆಸರು ಗೊತ್ತಿರುವ ಒಂದು ಫೈಲನ್ನು ತೆರೆಯಲು ಇಂದಿನ ಫೈಲ್‌ಸಿಸ್ಟಮ್‌ಗಳಿಗೆ ಇದೊಂದು ಭಾರವಲ್ಲ. ಆದರೆ ಪಟ್ಟಿ ಮಾಡುವ ಪ್ರತಿ ಕೆಲಸವೂ ಎಡವುತ್ತಿತ್ತು: ಬ್ರೌಸರ್‌ನಲ್ಲಿ ಡೈರೆಕ್ಟರಿ ತೆರೆದವರಿಗೆ ಹಲವು ಎಂಬಿಯ ಪುಟ ಬರುವುದು, ಆರ್‌ಸಿಂಕ್ ಶುರುವಿಗೆ ಮೊದಲೇ ಉಸಿರು ಕಟ್ಟುವುದು, ಮಿರರ್ ನಡೆಸುವ ವಿಶ್ವವಿದ್ಯಾಲಯಗಳು ದೂರುವುದು. ಈ ಡೈರೆಕ್ಟರಿಯನ್ನು ಒಡೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಹೇಗೆ ಒಡೆಯಬೇಕು ಎಂಬ ಪ್ರಶ್ನೆಗೆ 2018ರಲ್ಲಿ ಮಿಹಾವ್ ಗೂರ್ನಿ ಮತ್ತು ರಾಬಿನ್ ಜಾನ್ಸನ್ ಬರೆದ ಗ್ಲೆಪ್ 75 ಉತ್ತರ ಕೊಟ್ಟಿತು. ಡಿಸ್ಟ್‌ಫೈಲ್ಸ್‌ನ ಇಡೀ ಚರಿತ್ರೆಯಲ್ಲಿ ಅತ್ಯಂತ ಚೆನ್ನಾಗಿ ಯೋಚಿಸಿದ ದಸ್ತಾವೇಜು ಅದು.

ಮೊದಲು ಹೊಳೆಯುವ ಉಪಾಯ, ಹೆಸರಿನ ಮೊದಲ ಅಕ್ಷರದ ಮೇಲೆ ಹಂಚುವುದು. ಡೆಬಿಯನ್‌ನ ಪೂಲ್ ಡೈರೆಕ್ಟರಿಯಲ್ಲಿ ಅದೇ ಕ್ರಮ. ಅಲ್ಲಿ ‘ಲಿಬ್’ ಎಂದು ಶುರುವಾಗುವ ಹೆಸರುಗಳು ವಿಪರೀತವಾದ್ದರಿಂದ ಅವಕ್ಕೆ ನಾಲ್ಕು ಅಕ್ಷರಗಳ ವಿಶೇಷ ವಿಭಾಗ. ಮನುಷ್ಯರ ಕಣ್ಣಿಗೆ ಅದು ಹಿತ. ಆದರೆ ಊರಿನ ಮತದಾರರ ಪಟ್ಟಿಯನ್ನು ಮೊದಲ ಅಕ್ಷರದ ಮೇಲೆ ಹಂಚಿದರೆ ‘ಮ’ ಮತ್ತು ‘ಸ’ ಪುಟಗಳು ಉಕ್ಕಿ ಹರಿದು, ‘ಠ’ ಪುಟ ಖಾಲಿ ಉಳಿಯುವಂತೆ, ಜೆಂಟೂವಿನಲ್ಲೂ ಹಂಚಿಕೆ ಸಮವಾಗುತ್ತಿರಲಿಲ್ಲ. ಟೆಕ್‌ಲೈವ್‌ನ ಬಿಡಿಭಾಗಗಳೆಲ್ಲ ಒಂದೇ ಉದ್ದನೆಯ ಪದದಿಂದ ಶುರುವಾಗುತ್ತವೆ. ಎರಡಲ್ಲ, ಐದು ಅಕ್ಷರ ನೋಡಿದರೂ ಅವು ಬೇರೆಯಾಗುವುದಿಲ್ಲ. ಫೈಲಿನ ಒಳಗಿನದ್ದರ ಹ್ಯಾಶ್ ಮೇಲೆ ಹಂಚಬಹುದಿತ್ತು, ಸಮವಾಗಿಯೂ ಬರುತ್ತಿತ್ತು. ಆದರೆ ಆಗ ಫೈಲು ಎಲ್ಲಿದೆ ಎಂದು ತಿಳಿಯಲು ಮ್ಯಾನಿಫೆಸ್ಟ್ ಕೈಯಲ್ಲಿರಬೇಕು. ಹೆಸರು ಮಾತ್ರ ಗೊತ್ತಿರುವವರಿಗೆ ದಾರಿ ಇಲ್ಲ.

ಗ್ಲೆಪ್ 75 ಆರಿಸಿದ್ದು ಹೆಸರಿನದ್ದೇ ಹ್ಯಾಶ್. ಫೈಲಿನ ಹೆಸರಿನ ಅಕ್ಷರಗಳನ್ನು ಬ್ಲೇಕ್2ಬಿಗೆ ಕೊಟ್ಟು, ಬಂದ ಉತ್ತರದ ಮೊದಲ ಎಂಟು ಬಿಟ್‌ಗಳನ್ನು, ಅಂದರೆ ಷೋಡಶಮಾನದ ಎರಡು ಅಂಕಿಗಳನ್ನು ಡೈರೆಕ್ಟರಿಯ ಹೆಸರಾಗಿ ಇಡುವುದು. ಆಗ 256 ಡೈರೆಕ್ಟರಿಗಳು. ಐವತ್ತು ಸಾವಿರ ಫೈಲುಗಳಿದ್ದರೆ ಒಂದೊಂದರಲ್ಲಿ ಇನ್ನೂರರ ಆಸುಪಾಸು, ಹೆಚ್ಚುಕಡಿಮೆ ಸಮ. ಹೆಸರು ಗೊತ್ತಿದ್ದರೆ ಯಾವ ಲಿನಕ್ಸ್ ಯಂತ್ರದಲ್ಲಾದರೂ ಒಂದು ಸಾಲಿನ ಆಜ್ಞೆಯಿಂದ ಜಾಗ ಗೊತ್ತಾಗುತ್ತದೆ. ಪೋರ್ಟೇಜ್‌ಗೆ ಹೊಸ ಹ್ಯಾಶ್ ಕಲಿಸಬೇಕಿರಲಿಲ್ಲ. ಮ್ಯಾನಿಫೆಸ್ಟ್‌ಗಾಗಿ ಬ್ಲೇಕ್2ಬಿ ಆಗಲೇ ಒಳಗಿತ್ತು. ಹಂಚಿಕೆಯ ಕ್ರಮವನ್ನು ಮಿರರ್‌ಗಳು ಲೇಔಟ್.ಕಾನ್ಫ್ ಎಂಬ ಪುಟ್ಟ ಫೈಲಿನಲ್ಲಿ ಘೋಷಿಸುತ್ತವೆ. ಅದರಲ್ಲಿ ಸೊನ್ನೆಯ ಸಾಲು ಹೊಸ ಕ್ರಮವನ್ನೂ, ಒಂದರ ಸಾಲು ಹಳೆಯ ಒಂದೇ ಅಂಗಳವನ್ನೂ ಹೇಳಿ, ಎರಡೂ ಕೆಲಕಾಲ ಒಟ್ಟಿಗೆ ನಡೆಯಬಹುದು. ಪೋರ್ಟೇಜ್ ಆ ಫೈಲನ್ನು ಮೊದಲು ಓದಿ, ತನಗೆ ಅರ್ಥವಾಗುವ ಕ್ರಮದಲ್ಲಿ ಹುಡುಕುತ್ತದೆ. ನಾಳೆ ಇದಕ್ಕಿಂತ ಒಳ್ಳೆಯ ಕ್ರಮ ಬಂದರೆ ಇನ್ನೊಂದು ಸಾಲು ಸೇರಿಸಿದರಾಯಿತು. ಇದರಿಂದ ಒಂದು ನಷ್ಟವಾದದ್ದು ನಿಜ: ಮಿರರ್‌ನ ಪಟ್ಟಿಯನ್ನು ಬ್ರೌಸರ್‌ನಲ್ಲಿ ತೆರೆದು, ಕಣ್ಣಾಡಿಸಿ, ಹಳೆಯ ಯಾವುದೋ ಆವೃತ್ತಿಯನ್ನು ಗುರುತಿಸುವ ಸುಖ ಹೋಯಿತು. ಎರಡು ಅಂಕಿಯ 256 ಕೋಣೆಗಳಲ್ಲಿ ಕಣ್ಣಾಡಿಸಲು ಏನೂ ಇಲ್ಲ. ಬಳಕೆದಾರರ ಯಂತ್ರದಲ್ಲಿ ಮಾತ್ರ ಡಿಸ್ಟ್‌ಫೈಲ್ಸ್ ಮೊದಲಿನಂತೆ ಒಂದೇ ಅಂಗಳವಾಗಿ ಉಳಿಯಿತು. ಅಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ.

ಮಿರರ್‌ಗಳು ಎಲ್ಲವನ್ನೂ ಎಂದೆಂದಿಗೂ ಇಡುವುದಿಲ್ಲ ಎಂಬುದು ಅನೇಕರಿಗೆ ತಡವಾಗಿ ತಿಳಿಯುವ ಸಂಗತಿ. ಒಂದು ಇಬಿಲ್ಡ್ ಮರದಿಂದ ಹೋದರೆ, ಅದರ ಸೋರ್ಸ್ ಬೇರಾರಿಗೂ ಬೇಡವಾಗಿದ್ದರೆ, ಸ್ವಲ್ಪ ಸಮಯ ಬಿಟ್ಟು ಅದು ಮಿರರ್‌ನಿಂದಲೂ ಅಳಿಯುತ್ತದೆ. ಮೂಲ ತಾಣ ಇದೆಯಲ್ಲ ಎಂದರೆ, 2015ರಲ್ಲಿ ಗಿಟೋರಿಯಸ್ ಮುಚ್ಚಿತು, 2016ರ ಜನವರಿಯಲ್ಲಿ ಗೂಗಲ್ ಕೋಡ್ ಮುಚ್ಚಿತು. ಅಂಥ ತಾಣಗಳಲ್ಲಿ ಮಾತ್ರ ಇದ್ದ ಸಣ್ಣ ಯೋಜನೆಗಳ ಹಳೆಯ ಬಿಡುಗಡೆಗಳು ಯಾರದೋ ಮನೆಯ ಡಿಸ್ಟ್‌ಫೈಲ್ಸ್‌ನಲ್ಲಿ ಇದ್ದರೆ ಉಂಟು, ಇಲ್ಲವಾದರೆ ಇಲ್ಲ. ಪ್ಯಾರಿಸ್‌ನಲ್ಲಿ 2016ರಲ್ಲಿ ಸಾರ್ವಜನಿಕವಾದ ಸಾಫ್ಟ್‌ವೇರ್ ಹೆರಿಟೇಜ್ ಸಂಗ್ರಹಾಲಯ ಇಂಥ ನಷ್ಟವನ್ನು ತಡೆಯುವ ಸಲುವಾಗಿಯೇ ಹುಟ್ಟಿದ್ದು. ಹಳೆಯ ಟಾರ್‌ಬಾಲ್‌ಗಳನ್ನು ಡಿವಿಡಿಗಳಿಗೆ ಬರೆದು, ಮೇಲೆ ವರ್ಷ ಗೀಚಿ ಇಟ್ಟುಕೊಂಡ ಬಳಕೆದಾರರು ಸಣ್ಣ ಪ್ರಮಾಣದಲ್ಲಿ ಮಾಡುತ್ತಿದ್ದುದೂ ಅದನ್ನೇ.

ಇತ್ತೀಚಿನ ವರ್ಷಗಳಲ್ಲಿ ಡಿಸ್ಟ್‌ಫೈಲ್ಸ್‌ನ ಚಹರೆಯೇ ಬದಲಾಗಿದೆ. ರಸ್ಟ್‌ನಲ್ಲಿ ಬರೆದ ಒಂದೇ ಪ್ಯಾಕೇಜು ನೂರಾರು ಪುಟ್ಟ ಕ್ರೇಟ್‌ಗಳನ್ನು ಕೇಳುತ್ತದೆ. ಪಟ್ಟಿ ತೆರೆದರೆ ದೊಡ್ಡ ಟಾರ್‌ಬಾಲ್‌ಗಳು ಅವುಗಳ ನಡುವೆ ಕಾಣೆಯಾಗುತ್ತವೆ. ಗೋ ಭಾಷೆಯ ಪ್ಯಾಕೇಜುಗಳಲ್ಲಿ ಪ್ರತಿ ಅವಲಂಬನೆಯನ್ನೂ ಬೇರೆ ಬೇರೆ ಬರೆಯುವ ಪದ್ಧತಿಯಿಂದ ಮ್ಯಾನಿಫೆಸ್ಟ್‌ಗಳೇ ಉಬ್ಬಿಹೋಗಿ, 2022ರಲ್ಲಿ ಅದನ್ನು ಬಿಡಬೇಕೆಂಬ ನಿಲುವು ಬಂತು. ಅವಲಂಬನೆಗಳನ್ನೆಲ್ಲ ಒಂದು ಟಾರ್‌ಬಾಲ್‌ಗೆ ಕಟ್ಟಿಡುವುದು ಅದರ ಬದಲಿ. ಗಿಟ್‌ನಿಂದ ನೇರವಾಗಿ ಸೋರ್ಸ್ ಎಳೆಯುವ, 9999 ಎಂಬ ಆವೃತ್ತಿಯ ಇಬಿಲ್ಡ್‌ಗಳು ತಮ್ಮ ನಕಲುಗಳನ್ನು ಗಿಟ್3-ಎಸ್‌ಆರ್‌ಸಿ ಎಂಬ ಉಪಡೈರೆಕ್ಟರಿಯಲ್ಲಿ ಇಟ್ಟುಕೊಳ್ಳುತ್ತವೆ. ಇವಕ್ಕೆ ಗಾತ್ರವೂ ಇಲ್ಲ, ಚೆಕ್‌ಸಮ್ಮೂ ಇಲ್ಲ, ಆದ್ದರಿಂದ ಸಿಡಿಯಲ್ಲಿ ಹೊತ್ತು ತರುವ ಹಳೆಯ ದಾರಿ ಇಲ್ಲಿ ನಡೆಯುವುದಿಲ್ಲ.

2023ರ ಡಿಸೆಂಬರ್ ಕೊನೆಯಲ್ಲಿ ಜೆಂಟೂ ತಾನೇ ಬೈನರಿ ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡಲು ಶುರುಮಾಡಿತು. ಅವು ಬಂದು ಸೇರುವುದು ಪಕ್ಕದ ಬಿನ್‌ಪ್ಯಾಕೇಜುಗಳ ಡೈರೆಕ್ಟರಿಗೆ. ಸಾಮಾನ್ಯ ಆಯ್ಕೆಗಳಿಂದಲೇ ತೃಪ್ತರಾದವರ ಯಂತ್ರದಲ್ಲಿ ಡಿಸ್ಟ್‌ಫೈಲ್ಸ್ ಈಗ ಹೆಚ್ಚೇನೂ ತುಂಬುವುದಿಲ್ಲ. ತಮ್ಮದೇ ಆಯ್ಕೆಗಳೊಡನೆ ಕಟ್ಟುವವರು, ನಿರ್ಬಂಧಿತ ಫೈಲುಗಳನ್ನು ಕೈಯಾರೆ ತರುವವರು, ಮರದಿಂದ ಹೋದ ಇಬಿಲ್ಡ್‌ಗಳನ್ನು ತಮ್ಮ ಖಾಸಗಿ ಓವರ್‌ಲೇಯಲ್ಲಿ ಉಳಿಸಿಕೊಂಡವರು ಅದನ್ನು ಈಗಲೂ ತುಂಬಿಸುತ್ತಾರೆ. ಈ ಮೂರನೆಯವರಿಗೆ ಸಾಧಾರಣ ಇಕ್ಲೀನ್ ಸಾಕು: ಓವರ್‌ಲೇಯ ಇಬಿಲ್ಡ್ ಕೇಳುವ ಫೈಲೂ ಅದರ ಲೆಕ್ಕದಲ್ಲಿ ಬೇಕಾದ ಫೈಲೇ. ಇಬಿಲ್ಡನ್ನೂ ಮ್ಯಾನಿಫೆಸ್ಟನ್ನೂ ಟಾರ್‌ಬಾಲನ್ನೂ ಒಟ್ಟಿಗೆ ಇಟ್ಟುಕೊಂಡರೆ, ಮಿರರ್‌ನಿಂದ ಅಳಿದ ಆವೃತ್ತಿಯ ಸೋರ್ಸ್ ಮತ್ತೆ ಕಟ್ಟಲು ಕೈಯಲ್ಲೇ ಇರುತ್ತದೆ.